ಬೂದಿಯಿಂದ ಮಾಡಿದ ಜಿಯೋಲೈಟ್‌ನಲ್ಲಿ ಆಮ್ಲ ಎಷ್ಟಿದೆ? ಅವಕೆಂಪು ಬೆಳಕು ಕೊಡುವ ಲೆಕ್ಕ

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1720 ಮೆಗಾವಾಟ್. ಪಕ್ಕದ ಯರಮರಸ್‌ನಲ್ಲಿ ತಲಾ 800 ಮೆಗಾವಾಟ್‌ನ ಎರಡು ಘಟಕಗಳಿವೆ. ಬಳ್ಳಾರಿಯ ಕುಡತಿನಿಯಲ್ಲಿ 1700 ಮೆಗಾವಾಟ್. ಮೂರೂ ಕಡೆ ಉರಿಯುವುದು ಕಲ್ಲಿದ್ದಲು, ಅದರಲ್ಲೂ ದೇಶದ ಕಲ್ಲಿದ್ದಲಿನಲ್ಲಿ ಶೇ. 30ರಿಂದ 45ರಷ್ಟು ಬೂದಿಯೇ ಇರುತ್ತದೆ. ಆ ಹಾರುಬೂದಿಯನ್ನು ಪೂರ್ತಿಯಾಗಿ ಬಳಕೆಗೆ ತರಲೇಬೇಕು ಎಂದು ಕೇಂದ್ರ ಪರಿಸರ ಸಚಿವಾಲಯ 2021ರ ಡಿಸೆಂಬರ್ 31ರಂದು ಅಧಿಸೂಚನೆ ಹೊರಡಿಸಿದೆ. ಇತ್ತ ಸಿಂಧನೂರು, ಮಾನ್ವಿ, ಕಾರಟಗಿ, ಗಂಗಾವತಿ, ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿಂದೆ ಹೊಟ್ಟು ಸುಟ್ಟ ಕಪ್ಪು ಬೂದಿ ಗುಡ್ಡೆ ಬಿದ್ದಿರುತ್ತದೆ. ಮೊದಲನೆಯದರಲ್ಲಿ ಅಲ್ಯುಮಿನಾ ಉಂಟು, ಎರಡನೆಯದರಲ್ಲಿ ಸಿಲಿಕಾ ಹೇರಳ. ಇವೆರಡನ್ನೂ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಜಿಯೋಲೈಟ್ ಎಂಬ ರಂಧ್ರಮಯ ಹರಳು ಹುಟ್ಟುತ್ತದೆ ಎಂಬ ಮಾತು ರಸಾಯನಶಾಸ್ತ್ರ ವಿಭಾಗಗಳ ಪ್ರಾಜೆಕ್ಟ್‌ಗಳಲ್ಲಿ, ಸಂಶೋಧನಾ ಪ್ರಸ್ತಾವಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಮಾತು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿದೆ: "ಇದು ಒಳ್ಳೆಯ ಆಮ್ಲೀಯ ವೇಗವರ್ಧಕ." ಅದನ್ನು ಅಷ್ಟು ಸುಲಭಕ್ಕೆ ಒಪ್ಪುವ ಹಾಗಿಲ್ಲ.

ಎಕ್ಸ್‌ರೇ ವಿವರ್ತನೆಯಲ್ಲಿ ಗೆರೆಗಳು ಸರಿಯಾದ ಜಾಗದಲ್ಲಿ ಬಂದರೆ ಹರಳು ಕಟ್ಟಿದೆ ಎಂದಷ್ಟೇ ಅರ್ಥ. ಆ ಹರಳಿನೊಳಗೆ ಪ್ರೋಟಾನ್ ಕೊಡಬಲ್ಲ ತಾಣಗಳಿವೆಯೇ, ಇದ್ದರೆ ಎಷ್ಟು, ಅವು ಯಾವ ಬಗೆಯವು, ಅಣುಗಳು ಅಲ್ಲಿಯವರೆಗೆ ತಲುಪುತ್ತವೆಯೇ ಎಂಬುದನ್ನು ಎಕ್ಸ್‌ರೇ ಹೇಳುವುದಿಲ್ಲ. ಹೇಳುವುದು ಅವಕೆಂಪು ರೋಹಿತ, ಅಂದರೆ ಲ್ಯಾಬ್‌ಗಳಲ್ಲಿ ಎಲ್ಲರೂ ಕರೆಯುವ ಎಫ್‌ಟಿಐಆರ್. ಅದೂ ಪುಡಿಯನ್ನು ಹಾಗೇ ಇಟ್ಟು ತೆಗೆದದ್ದಲ್ಲ. ನಿರ್ವಾತದಲ್ಲಿ ಕಾಯಿಸಿ, ಒಣಗಿಸಿ, ಪಿರಿಡಿನ್ ಎಂಬ ಕ್ಷಾರದ ಆವಿ ಕುಡಿಸಿ ತೆಗೆದ ರೋಹಿತ.

ಮೊದಲು ಬೂದಿಯ ಲೆಕ್ಕ

ಜಿಯೋಲೈಟ್ ಎಂದರೆ ಸಿಲಿಕಾನ್, ಅಲ್ಯುಮಿನಿಯಂ, ಆಕ್ಸಿಜನ್ ಸೇರಿ ಕಟ್ಟಿದ ರಂಧ್ರಮಯ ಚೌಕಟ್ಟು. ನಾಲ್ಕು ಕೈಯ ಸಿಲಿಕಾನ್ ಇರಬೇಕಾದ ಜಾಗಕ್ಕೆ ಮೂರು ಕೈಯ ಅಲ್ಯುಮಿನಿಯಂ ಬಂದು ಕೂತಾಗ ಚೌಕಟ್ಟಿಗೆ ಒಂದು ಋಣ ಆವೇಶ ಬರುತ್ತದೆ. ಅದನ್ನು ಸರಿದೂಗಿಸಲು ಒಂದು ಧನ ಅಯಾನು ಪಕ್ಕದಲ್ಲಿ ಬಂದು ನಿಲ್ಲುತ್ತದೆ. ನಿಂತದ್ದು ಸೋಡಿಯಂ ಆದರೆ ಅದು ಅಯಾನು ವಿನಿಮಯದ ಜಿಯೋಲೈಟ್. ಪ್ರೋಟಾನ್ ಆದರೆ ಆಮ್ಲ. ಸಿಲಿಕಾನ್ ಮತ್ತು ಅಲ್ಯುಮಿನಿಯಂ ನಡುವಿನ ಆಕ್ಸಿಜನ್ ಸೇತುವೆಯ ಮೇಲೆ ಕೂತ ಆ ಹೈಡ್ರೋಜನ್ನೇ ಬ್ರಾನ್‌ಸ್ಟೆಡ್ ತಾಣ. ಚೌಕಟ್ಟಿನಿಂದ ಕಿತ್ತುಬಂದ, ಎಲೆಕ್ಟ್ರಾನ್ ಜೋಡಿಗೆ ಕೈಚಾಚುವ ಅಲ್ಯುಮಿನಿಯಂ ಲೂಯಿಸ್ ತಾಣ.

ಈಗ ನಮ್ಮ ಬೂದಿಗೆ ಬರೋಣ. ಹಾರುಬೂದಿಯಲ್ಲಿ ತೂಕದ ಲೆಕ್ಕದಲ್ಲಿ ಸಿಲಿಕಾ ಶೇ. 60, ಅಲ್ಯುಮಿನಾ ಶೇ. 28 ಎಂದು ಹಿಡಿಯಿರಿ. 100 ಗ್ರಾಂ ಬೂದಿಯಲ್ಲಿ ಸಿಲಿಕಾನ್ ಸುಮಾರು 1 ಮೋಲ್, ಅಲ್ಯುಮಿನಿಯಂ 0.55 ಮೋಲ್. ಅನುಪಾತ 1.8. ಇಷ್ಟು ಕಡಿಮೆ ಅನುಪಾತದಲ್ಲಿ ಕಾಸ್ಟಿಕ್ ಸೋಡಾ ಬೆರೆಸಿ 550ರಿಂದ 600 ಡಿಗ್ರಿಯಲ್ಲಿ ಕರಗಿಸಿ, ನೀರು ಹಾಕಿ ಕಲಕಿ, 90ರಿಂದ 100 ಡಿಗ್ರಿಯಲ್ಲಿ ಹರಳುಗಟ್ಟಿಸಿದರೆ ಸಿಗುವುದು ಎ, ಎಕ್ಸ್, ಪಿ ಜಿಯೋಲೈಟ್‌ಗಳು, ಹದ ತಪ್ಪಿದರೆ ಸೋಡಲೈಟ್. ಎಲ್ಲವೂ ಸೋಡಿಯಂ ತುಂಬಿಕೊಂಡವು. ಗಡಸು ನೀರು ಮೆದುಗೊಳಿಸಲು, ಅಮೋನಿಯಂ ಹಿಡಿಯಲು, ಭಾರಲೋಹ ತೆಗೆಯಲು ಇವು ಬಹಳ ಒಳ್ಳೆಯವು. ಆದರೆ ಎ ಜಿಯೋಲೈಟ್‌ನ ಸೋಡಿಯಂ ತೆಗೆದು ಅಮೋನಿಯಂ ತುಂಬಿ ಕಾಯಿಸಿದರೆ ಚೌಕಟ್ಟೇ ಕುಸಿಯುತ್ತದೆ. ಎಕ್ಸ್ ಕೂಡ ಹಾಗೆ ಉಳಿಯುವುದಿಲ್ಲ. ಪ್ರೋಟಾನ್ ತುಂಬಿದ ರೂಪದಲ್ಲಿ ಗಟ್ಟಿಯಾಗಿ ನಿಲ್ಲಲು ಸಿಲಿಕಾನ್ ಪಾಲು ಹೆಚ್ಚಿರಬೇಕು.

ಹೆಚ್ಚಿಸಲು ಹೊಟ್ಟಿನ ಬೂದಿ ಇದೆಯಲ್ಲ, ಸರಿ. ಅನುಪಾತ 25 ಇರುವ ಝಡ್‌ಎಸ್‌ಎಂ-5 ಎಂಬ ಜಿಯೋಲೈಟ್ ಬೇಕೆಂದರೆ ಅದೇ 100 ಗ್ರಾಂ ಹಾರುಬೂದಿಯ 0.55 ಮೋಲ್ ಅಲ್ಯುಮಿನಿಯಂಗೆ ಸುಮಾರು 13.7 ಮೋಲ್ ಸಿಲಿಕಾನ್ ಬೇಕು, ಅಂದರೆ 824 ಗ್ರಾಂ ಸಿಲಿಕಾ. ಬೂದಿಯಲ್ಲೇ ಇರುವ 60 ಗ್ರಾಂ ಕಳೆದರೂ 764 ಗ್ರಾಂ ಹೊರಗಿನಿಂದ ತರಬೇಕು. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಶೇ. 90 ಎಂದರೆ ಸುಮಾರು 850 ಗ್ರಾಂ. ಒಂದು ಕೆ.ಜಿ. ಹಾರುಬೂದಿಗೆ ಎಂಟೂವರೆ ಕೆ.ಜಿ. ಹೊಟ್ಟಿನ ಬೂದಿ, ಅದಕ್ಕೆ 42 ಕೆ.ಜಿ. ಹೊಟ್ಟು, ಅದಕ್ಕೆ ಎರಡು ಕ್ವಿಂಟಲ್‌ಗೂ ಮಿಕ್ಕಿದ ಭತ್ತ. ಅಂದರೆ ಹಾರುಬೂದಿಯ ಹೊಂಡ ಖಾಲಿ ಮಾಡುವ ಜಿಯೋಲೈಟ್ ಆಮ್ಲೀಯವಲ್ಲ, ಆಮ್ಲೀಯ ಜಿಯೋಲೈಟ್ ಹೊಂಡ ಖಾಲಿ ಮಾಡುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡನ್ನೂ ಹೇಳುವ ಪ್ರಸ್ತಾವ ಕಂಡರೆ ಮೊದಲು ಈ ಲೆಕ್ಕವನ್ನು ಮುಂದಿಡಬೇಕು. ಗಂಗಾವತಿ ಸೀಮೆಯ ಹೊಟ್ಟಿಗೆ ಇದು ಒಳ್ಳೆಯ ದಾರಿಯೇ. ಹಾಗಿದ್ದರೆ ಹೊಟ್ಟಿನ ಹೆಸರಿನಲ್ಲೇ ಮಾಡಲಿ.

ಹೊಟ್ಟಿನ ಬೂದಿಗೂ ಅದರದೇ ರೋಗಗಳಿವೆ. ಪೊಟ್ಯಾಸಿಯಂ ಇರುವ ಹೊಟ್ಟನ್ನು ನೇರವಾಗಿ ಸುಟ್ಟರೆ ಸಿಲಿಕಾದ ಮೇಲ್ಮೈ ಕರಗಿ, ಸುಡದೆ ಉಳಿದ ಇಂಗಾಲ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಬೂದಿ ಕಪ್ಪಾಗಿ ಉಳಿಯುವುದು ಅದಕ್ಕೇ. ಗಿರಣಿಯ ಬಾಯ್ಲರ್‌ನ ಬಿಸಿಯಲ್ಲಿ ಸಿಲಿಕಾದ ಒಂದು ಪಾಲು ಕ್ರಿಸ್ಟೊಬಲೈಟ್ ಎಂಬ ಹರಳಾಗಿಬಿಡುತ್ತದೆ, ಅದು ಕಾಸ್ಟಿಕ್‌ನಲ್ಲಿ ಬೇಗ ಕರಗುವುದಿಲ್ಲ. ಹೊಟ್ಟನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ, ಚೆನ್ನಾಗಿ ತೊಳೆದು, 600 ಡಿಗ್ರಿಯ ಆಸುಪಾಸಿನಲ್ಲಿ ಗಾಳಿ ಕೊಟ್ಟು ಸುಟ್ಟರೆ ಬಿಳಿಯ, ಹರಳುಗಟ್ಟದ ಸಿಲಿಕಾ ಸಿಗುತ್ತದೆ. ಈ ತೊಳೆತವನ್ನು ಬಿಟ್ಟರೆ ಪೊಟ್ಯಾಸಿಯಂ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ಪಿರಿಡಿನ್ ರೋಹಿತದಲ್ಲಿ ಅದು ಮತ್ತೆ ಎದುರಾಗುತ್ತದೆ.

ಬಿಲ್ಲೆ ಒತ್ತುವುದರಿಂದಲೇ ಕೆಲಸ ಕೆಡುತ್ತದೆ

ನಮ್ಮ ಕಾಲೇಜುಗಳಲ್ಲಿ ಎಫ್‌ಟಿಐಆರ್ ಎಂದರೆ ಸಾಮಾನ್ಯವಾಗಿ ಪೊಟ್ಯಾಸಿಯಂ ಬ್ರೋಮೈಡ್ ಪೆಲೆಟ್, ಇಲ್ಲವೇ ಪುಡಿಯನ್ನು ವಜ್ರದ ಮೇಲೆ ಒತ್ತುವ ಎಟಿಆರ್. ಇವೆರಡರಲ್ಲೂ ಚೌಕಟ್ಟಿನ ಕಂಪನ ಚೆನ್ನಾಗಿ ಕಾಣುತ್ತದೆ: ಝಡ್‌ಎಸ್‌ಎಂ-5 ಆದರೆ 1225, 1090, 790, 550, 450. (ಇಲ್ಲಿ ಬರುವ ಇಂಥ ಅಂಕಿಗಳೆಲ್ಲ ತರಂಗಸಂಖ್ಯೆ, ಅಂದರೆ ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕ.) 550ರ ಪಟ್ಟಿ ಐದು ಬದಿಯ ಜೋಡಿ ಉಂಗುರಗಳದು, 450ರ ಪಟ್ಟಿಗೆ ಹೋಲಿಸಿದಾಗ ಅದು ಎಷ್ಟು ಎತ್ತರ ಎಂಬುದು ಹರಳು ಎಷ್ಟು ಕಟ್ಟಿದೆ ಎಂಬುದರ ಅಂದಾಜು ಕೊಡುತ್ತದೆ. ಚೆನ್ನಾಗಿ ಹರಳುಗಟ್ಟಿದ ಮಾದರಿಯಲ್ಲಿ ಆ ಅನುಪಾತ 0.8ರ ಹತ್ತಿರ ಇರುತ್ತದೆ.

ಆಮ್ಲ ತಾಣ ನೋಡಲು ಮಾತ್ರ ಪೊಟ್ಯಾಸಿಯಂ ಬ್ರೋಮೈಡ್ ಬಳಸಲೇಬಾರದು. ಅರೆದು ಒತ್ತುವಾಗಲೇ ಜಿಯೋಲೈಟ್‌ನ ಪ್ರೋಟಾನ್ ಮತ್ತು ಉಪ್ಪಿನ ಪೊಟ್ಯಾಸಿಯಂ ಜಾಗ ಬದಲಿಸಿಕೊಳ್ಳುತ್ತವೆ. ಏನನ್ನು ಅಳೆಯಬೇಕೋ ಅದೇ ಅಳೆಯುವ ಮುಂಚೆ ಹೋಗಿರುತ್ತದೆ. ಮೇಲಾಗಿ ಆ ಉಪ್ಪು ಹೀರಿಕೊಂಡ ನೀರು 3400ರ ಸುತ್ತ ಅಗಲವಾದ ದಿಬ್ಬ ಎಬ್ಬಿಸಿ ಹೈಡ್ರಾಕ್ಸಿಲ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಪಟ್ಟಿಗಳನ್ನೆಲ್ಲ ಮುಚ್ಚುತ್ತದೆ. ಎಟಿಆರ್‌ನಲ್ಲಿ ಪುಡಿ ಗಾಳಿಗೆ ತೆರೆದೇ ಇರುತ್ತದೆ, ಅಲ್ಲೂ ನೀರಿನದೇ ಕಾಟ.

ಬೇಕಾದದ್ದು ಬೇರೇನೂ ಬೆರೆಸದೆ ಜಿಯೋಲೈಟನ್ನಷ್ಟೇ ಒತ್ತಿದ ತೆಳು ಬಿಲ್ಲೆ. ಚದರ ಸೆಂಟಿಮೀಟರಿಗೆ 10 ಮಿಲಿಗ್ರಾಂ ಎಂಬುದು ನಂಬಬಹುದಾದ ಹದ. 13 ಮಿಲಿಮೀಟರ್ ಡೈ ಆದರೆ 13ರಿಂದ 14 ಮಿಲಿಗ್ರಾಂ, 16 ಮಿಲಿಮೀಟರ್ ಆದರೆ 20. ಅಗೇಟ್ ಒರಳಿನಲ್ಲಿ ಮೈದಾದಷ್ಟು ನುಣ್ಣಗೆ ಅರೆಯಬೇಕು. ಕಣ ದಪ್ಪವಿದ್ದರೆ ಬೆಳಕು ಚದುರಿ, ತಳರೇಖೆ 4000ದ ಕಡೆ ಇಳಿಜಾರಾಗಿ ಏರುತ್ತದೆ. ಒತ್ತಡ 1ರಿಂದ 2 ಟನ್ ಸಾಕು. ಬಿಲ್ಲೆ ಗಟ್ಟಿಯಾಗಲೆಂದು 8–10 ಟನ್ ಹಾಕುವ ಅಭ್ಯಾಸ ಪೊಟ್ಯಾಸಿಯಂ ಬ್ರೋಮೈಡ್ ಪೆಲೆಟ್‌ನಿಂದ ಬಂದದ್ದು. ಜಿಯೋಲೈಟ್‌ನಲ್ಲಿ ಅದು ಹರಳನ್ನೇ ಜಜ್ಜಬಹುದು. ಡೈಯಿಂದ ಬಿಡಿಸುವಾಗ ಬಿಲ್ಲೆ ಸೀಳುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಡೈಯ ಮುಖ ಕನ್ನಡಿಯಂತೆ ಹೊಳೆಯುತ್ತಿರಬೇಕು, ಒತ್ತಡವನ್ನು ನಿಧಾನವಾಗಿ ಬಿಡಬೇಕು. ಹಾರುಬೂದಿಯಿಂದ ಮಾಡಿದ ಮಾದರಿಯಲ್ಲಿ ಕರಗದೆ ಉಳಿದ ಮುಲೈಟ್ (ಅಲ್ಯುಮಿನಿಯಂ ಇರುವ ಗಟ್ಟಿ ಹರಳು), ಕ್ವಾರ್ಟ್ಸ್ ಕಣಗಳಿರುವುದರಿಂದ ಬಿಲ್ಲೆ ಕಟ್ಟುವುದೇ ಕಷ್ಟ. ಸುಡದೆ ಉಳಿದ ಇಂಗಾಲ ಇದ್ದರಂತೂ ಬೆಳಕೇ ಆಚೆ ಬರುವುದಿಲ್ಲ. ಬಿಲ್ಲೆ ಬೂದುಬಣ್ಣಕ್ಕಿದ್ದರೆ ಮುಂದಕ್ಕೆ ಹೋಗದೆ 550 ಡಿಗ್ರಿಯಲ್ಲಿ ಗಾಳಿಯಲ್ಲಿ ಇನ್ನೊಮ್ಮೆ ಸುಡುವುದೇ ಮೇಲು.

ಬಿಲ್ಲೆಯನ್ನು ನಿರ್ವಾತ ಕೋಶದಲ್ಲಿಟ್ಟು ಕಾಯಿಸುವುದು ಎರಡನೆಯ ಹಂತ. ಮೊದಲು ನಿಮಿಷಕ್ಕೆ 1ರಿಂದ 2 ಡಿಗ್ರಿಯಂತೆ 120ಕ್ಕೆ ಏರಿಸಿ ಒಂದು ಗಂಟೆ ನಿಲ್ಲಿಸಬೇಕು, ಆಮೇಲೆ 450ಕ್ಕೆ ಹೋಗಿ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ, ಹತ್ತರ ಮೈನಸ್ ಐದನೇ ಘಾತ ಮಿಲಿಬಾರ್‌ನ ನಿರ್ವಾತದಲ್ಲಿ. ಅವಸರ ಮಾಡಿ ಒಂದೇ ಏಟಿಗೆ 450ಕ್ಕೆ ಏರಿಸಿದರೆ ಒಳಗಿನ ನೀರು ಹಬೆಯಾಗಿ ಅಲ್ಯುಮಿನಿಯಂ ಅನ್ನು ಚೌಕಟ್ಟಿನಿಂದ ಕಿತ್ತುಹಾಕುತ್ತದೆ. ಬ್ರಾನ್‌ಸ್ಟೆಡ್ ತಾಣ ಕಡಿಮೆಯಾಗಿ ಲೂಯಿಸ್ ಹೆಚ್ಚಾಗುತ್ತದೆ. ಮಾದರಿಯ ಗುಣ ಎಂದು ವರದಿಯಾಗುವ ಲೂಯಿಸ್ ಆಮ್ಲೀಯತೆಯಲ್ಲಿ ಒಂದು ಪಾಲು ಹೀಗೆ ಕಾಯಿಸಿದವರೇ ಹುಟ್ಟಿಸಿದ್ದಾಗಿರಬಹುದು.

ನಮ್ಮ ಕಡೆ ರಾತ್ರಿಯಿಡೀ ನಿರ್ವಾತ ಎಂದರೆ ಕರೆಂಟಿನ ಮಾತು ಬರಲೇಬೇಕು. ಪಂಪ್ ನಿಂತರೆ ಅದರ ಎಣ್ಣೆ ಹಿಂದಕ್ಕೆ ಎಳೆದುಕೊಂಡು ಕೊಳವೆಯೊಳಗೆ ಏರುತ್ತದೆ. ಬಿಸಿ ಜಿಯೋಲೈಟ್ ಸಿಕ್ಕ ಹೈಡ್ರೋಕಾರ್ಬನ್ನನ್ನೆಲ್ಲ ಹೀರಿಕೊಳ್ಳುತ್ತದೆ. ಮರುದಿನ 2850ರಿಂದ 2960ರ ನಡುವೆ ಪಟ್ಟಿಗಳು ಕಂಡರೆ ಆ ಬಿಲ್ಲೆ ಮುಗಿಯಿತು ಎಂದೇ ತಿಳಿಯಬೇಕು. ಕರೆಂಟ್ ಹೋದೊಡನೆ ತಾನೇ ಮುಚ್ಚಿಕೊಳ್ಳುವ ಕವಾಟ, ಪಂಪ್‌ಗೂ ಕುಲುಮೆಯ ನಿಯಂತ್ರಕಕ್ಕೂ ಯುಪಿಎಸ್: ಇಷ್ಟಿಲ್ಲದೆ ಈ ಅಳತೆಗೆ ಕೈ ಹಾಕಬಾರದು.

ಹೈಡ್ರಾಕ್ಸಿಲ್ ಪಟ್ಟಿಗಳು

ಒಣಗಿದ ಬಿಲ್ಲೆಯ ರೋಹಿತವನ್ನು ಪಿರಿಡಿನ್ ಹಾಕುವ ಮುಂಚೆ ಒಮ್ಮೆ ತೆಗೆದಿಡಬೇಕು. 4 ಅಥವಾ 2ರ ಬೇರ್ಪಡಿಕೆ (ಎಷ್ಟು ಹತ್ತಿರದ ಪಟ್ಟಿಗಳನ್ನು ಬಿಡಿಸಿ ನೋಡಬಹುದು ಎಂಬ ಅಳತೆ), 64ರಿಂದ 128 ಸ್ಕ್ಯಾನ್. 3745ರಲ್ಲಿ ಚೂಪಾಗಿ ನಿಲ್ಲುವುದು ಸಿಲನಾಲ್, ಅಂದರೆ ಬರೀ ಸಿಲಿಕಾನ್ ಮೇಲಿನ ಹೈಡ್ರಾಕ್ಸಿಲ್, ಹರಳಿನ ಹೊರಮೈಯದು, ಆಮ್ಲೀಯತೆ ಅಷ್ಟಕ್ಕಷ್ಟೇ. ಝಡ್‌ಎಸ್‌ಎಂ-5ರಲ್ಲಿ ಸೇತುವೆಯ ಹೈಡ್ರಾಕ್ಸಿಲ್, ಅಂದರೆ ನಾವು ಹುಡುಕುತ್ತಿರುವ ಬ್ರಾನ್‌ಸ್ಟೆಡ್ ತಾಣ, 3610ರಲ್ಲಿ. ವೈ ಜಿಯೋಲೈಟ್‌ನಲ್ಲಿ ಎರಡು ಪಟ್ಟಿ: ದೊಡ್ಡ ಪಂಜರದ್ದು 3640, ಚಿಕ್ಕ ಸೋಡಲೈಟ್ ಪಂಜರದ್ದು 3550. ಚೌಕಟ್ಟಿನಿಂದ ಹೊರಬಿದ್ದ ಅಲ್ಯುಮಿನಿಯಂ ಮೇಲಿನ ಹೈಡ್ರಾಕ್ಸಿಲ್ 3660ರಿಂದ 3680ರಲ್ಲಿ ಕಾಣುತ್ತದೆ. 3500ರ ಸುತ್ತ ಅಗಲವಾಗಿ ಹರಡಿದ್ದರೆ ಚೌಕಟ್ಟಿನಲ್ಲಿ ಸಿಲಿಕಾನ್ ಬಿಟ್ಟುಹೋದ ಗುಂಡಿಗಳಿವೆ, ಇಲ್ಲವೇ ಇನ್ನೂ ನೀರು ಉಳಿದಿದೆ. ಎರಡರಲ್ಲಿ ಯಾವುದೆಂದು 1630ರ ಕಡೆ ನೋಡಿ ಅಂದಾಜು ಮಾಡಬಹುದು; ಆದರೆ ಚೌಕಟ್ಟಿನ ಕಂಪನದ ಮರುಪಟ್ಟಿಯೊಂದು 1640ರ ಸುತ್ತಲೇ ಇರುವುದರಿಂದ ಅಲ್ಲಿ ಕಂಡದ್ದನ್ನೆಲ್ಲ ನೀರು ಎನ್ನುವಂತಿಲ್ಲ. ಅಂಥವೇ ಇನ್ನೆರಡು ಪಟ್ಟಿಗಳು 2000 ಮತ್ತು 1880ರಲ್ಲಿವೆ. ಅವುಗಳ ವಿಸ್ತೀರ್ಣ ಬೆಳಕಿನ ದಾರಿಯಲ್ಲಿ ಎಷ್ಟು ಜಿಯೋಲೈಟ್ ಇದೆ ಎಂಬುದಕ್ಕೆ ಅಳತೆಗೋಲು. ಎರಡು ಬಿಲ್ಲೆಗಳನ್ನು ಹೋಲಿಸುವಾಗ ಅವನ್ನು ಸಮ ಮಾಡಿಕೊಂಡೇ ಹೋಲಿಸಬೇಕು.

ಬಿಸಿಯಲ್ಲಿ ತೆಗೆದ ರೋಹಿತದಲ್ಲಿ ಹೈಡ್ರಾಕ್ಸಿಲ್ ಪಟ್ಟಿಗಳು ಕೆಳಗೆ ಸರಿದು ಅಗಲವಾಗುತ್ತವೆ. 150 ಡಿಗ್ರಿಯಲ್ಲಿ ತೆಗೆದದ್ದರಿಂದ ಕೋಣೆಯ ಉಷ್ಣತೆಯಲ್ಲಿ ತೆಗೆದದ್ದನ್ನು ಕಳೆಯುವವರಿದ್ದಾರೆ. ಹಾಗೆ ಕಳೆದಾಗ ಹುಟ್ಟುವ ಏರುಪೇರು ಪಟ್ಟಿಯಂತೆಯೇ ಕಾಣುತ್ತದೆ, ಆದರೆ ಅದು ಬರೀ ಉಷ್ಣತೆಯ ವ್ಯತ್ಯಾಸ. ಎಲ್ಲ ರೋಹಿತಗಳೂ ಒಂದೇ ಉಷ್ಣತೆಯಲ್ಲಿ ಇರಲಿ.

1545, 1455, ಮತ್ತೆ ದಾರಿ ತಪ್ಪಿಸುವ 1443

ಮೇಲ್ಮೈ ಆಮ್ಲೀಯತೆಯನ್ನು ಪಿರಿಡಿನ್‌ನಿಂದ ಗುರುತಿಸುವ ವಿಧಾನವನ್ನು 1963ರಲ್ಲಿ ಪ್ಯಾರಿ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿರುವುದಕ್ಕೆ ಕಾರಣವಿದೆ. ಪಿರಿಡಿನ್ ಪ್ರೋಟಾನ್ ಪಡೆದರೆ ಪಿರಿಡಿನಿಯಂ ಆಗಿ 1545ರಲ್ಲಿ ಪಟ್ಟಿ ಕೊಡುತ್ತದೆ. ಲೂಯಿಸ್ ತಾಣಕ್ಕೆ ಅಂಟಿದರೆ 1450ರಿಂದ 1456ರಲ್ಲಿ. 1490ರ ಪಟ್ಟಿ ಎರಡಕ್ಕೂ ಸೇರಿದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಸಿಲನಾಲ್‌ಗೆ ಹೈಡ್ರೋಜನ್ ಬಂಧದಿಂದ ನೇತುಬಿದ್ದ ಪಿರಿಡಿನ್ 1445 ಮತ್ತು 1596ರಲ್ಲಿ ಕಾಣುತ್ತದೆ.

ಮಾಡುವ ಕ್ರಮ ಇಷ್ಟು. ಆಣ್ವಿಕ ಜರಡಿಯ ಮೇಲೆ ಒಣಗಿಸಿ, ಹೆಪ್ಪುಗಟ್ಟಿಸಿ ಗಾಳಿ ಎಳೆದು ಕರಗಿಸುವುದನ್ನು ಮೂರು ಸಲ ಮಾಡಿದ ಪಿರಿಡಿನ್‌ನ ಆವಿಯನ್ನು 150 ಡಿಗ್ರಿಯಲ್ಲಿರುವ ಬಿಲ್ಲೆಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. 150 ಯಾಕೆಂದರೆ ಪಿರಿಡಿನ್ ಅಣುವಿನ ಅಗಲ 0.57 ನ್ಯಾನೊಮೀಟರ್, ಝಡ್‌ಎಸ್‌ಎಂ-5ರ ರಂಧ್ರ 0.55ರ ಆಸುಪಾಸು. ಚಪ್ಪಟೆ ಅಣುವಾದ್ದರಿಂದ ನುಸುಳುತ್ತದೆ, ಆದರೆ ತಣ್ಣಗಿದ್ದಾಗ ಒಳಗೆಲ್ಲ ಹರಡಲು ಬಹಳ ಹೊತ್ತು ಬೇಕು. ಅರ್ಧ ಗಂಟೆ ಬಿಟ್ಟು, 3610ರ ಪಟ್ಟಿ ಪೂರ್ತಿ ಮಾಯವಾಗಿದೆಯೇ ನೋಡಿ. ಹೋಗದೆ ಉಳಿದ ಭಾಗ ಪಿರಿಡಿನ್ ತಲುಪದ ತಾಣ. ಆ ಪಾಲನ್ನು ವರದಿಯಲ್ಲಿ ಬರೆಯಬೇಕು. ವೈ ಜಿಯೋಲೈಟ್‌ನ 3550ರ ಪಟ್ಟಿ ಪೂರ್ತಿ ಹೋಗುವುದಿಲ್ಲ, ಅದು ಸಹಜ. ಆಮೇಲೆ 150ರಲ್ಲೇ ಅರ್ಧ ಗಂಟೆ ನಿರ್ವಾತ ಎಳೆದರೆ ಸಡಿಲವಾಗಿ ಕೂತದ್ದೆಲ್ಲ ಹೊರಡುತ್ತದೆ, 3745 ಮರಳಿ ಬರುತ್ತದೆ. ಈಗಿನ ರೋಹಿತವೇ ಲೆಕ್ಕಕ್ಕೆ. ಮುಂದೆ 250, 350, 450 ಡಿಗ್ರಿಗಳಲ್ಲಿ ನಿರ್ವಾತ ಎಳೆಯುತ್ತ ಹೋದರೆ ಯಾವ ತಾಣ ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬ ಅಂದಾಜು ಸಿಗುತ್ತದೆ. ಪಿರಿಡಿನ್ ವಿಷ, ವಾಸನೆಯೂ ಕೆಟ್ಟದ್ದು. ಅದರ ಆವಿ 20 ಡಿಗ್ರಿಯ ಆಸುಪಾಸಿನಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಮೇ ತಿಂಗಳಲ್ಲಿ ಕೋಣೆಯೊಳಗೇ 38 ಡಿಗ್ರಿ ಇರುವ ರಾಯಚೂರಿನಲ್ಲಿ ಬಾಟಲಿಯನ್ನು ಫ್ಯೂಮ್ ಹುಡ್‌ನ ಹೊರಗೆ ತೆರೆಯಲೇಬಾರದು.

ಈಗ ಬೂದಿ ಜಿಯೋಲೈಟ್‌ಗಳ ರೋಹಿತದಲ್ಲಿ ಅತಿ ಹೆಚ್ಚು ತಪ್ಪಾಗಿ ಓದಲಾಗುವ ಜಾಗಕ್ಕೆ ಬರೋಣ. ಸೋಡಿಯಂ ಅಯಾನೂ ಪಿರಿಡಿನ್ ಹಿಡಿಯುತ್ತದೆ, ದುರ್ಬಲವಾಗಿ. ಅದರ ಪಟ್ಟಿ 1442–1443ರಲ್ಲಿ. ಪೊಟ್ಯಾಸಿಯಂನದು ಇನ್ನೂ ಒಂದೆರಡು ಅಂಕಿ ಕೆಳಗೆ. ಕ್ಯಾಲ್ಸಿಯಂ 1445ರ ಸುತ್ತ. 4ರ ಬೇರ್ಪಡಿಕೆಯಲ್ಲಿ ತೆಗೆದ, ಪಟ್ಟಿಯ ತುದಿಗೆ ಅಂಕಿ ನಮೂದಿಸದ ಚಿತ್ರದಲ್ಲಿ ಇದು "1450ರ ಹತ್ತಿರದ ಲೂಯಿಸ್ ಪಟ್ಟಿ" ಆಗಿಬಿಡುತ್ತದೆ. ಸೋಡಿಯಂ ತುಂಬಿದ ಎಕ್ಸ್ ಜಿಯೋಲೈಟ್‌ಗೆ ಪಿರಿಡಿನ್ ಹಾಕಿದರೆ ಈ ಪಟ್ಟಿ ಬಹಳ ಎತ್ತರವಾಗಿ ನಿಲ್ಲುತ್ತದೆ. ಅದನ್ನು ನೋಡಿ "ಲೂಯಿಸ್ ಆಮ್ಲೀಯತೆ ಸಮೃದ್ಧ" ಎಂದು ಬರೆದರೆ ತೊಳೆಯದೆ ಉಳಿದ ಸೋಡಿಯಂಗೆ ಆಮ್ಲದ ಪಟ್ಟ ಕಟ್ಟಿದಂತೆ. ಪತ್ತೆ ಹಚ್ಚುವುದು ಕಷ್ಟವಲ್ಲ. 2ರ ಬೇರ್ಪಡಿಕೆಯಲ್ಲಿ ತೆಗೆದು ತುದಿಯ ಅಂಕಿ ಓದಿ. 250 ಡಿಗ್ರಿಯಲ್ಲಿ ನಿರ್ವಾತ ಎಳೆಯಿರಿ. ಸೋಡಿಯಂ ಹಿಡಿದದ್ದು ಬಹುಪಾಲು ಹೊರಟುಹೋಗುತ್ತದೆ. ಅಲ್ಯುಮಿನಿಯಂನ ನಿಜವಾದ ಲೂಯಿಸ್ ತಾಣ 350ರಲ್ಲೂ 1455ರಲ್ಲಿ ಕೂತಿರುತ್ತದೆ. ಹಾರುಬೂದಿಯ ಕಬ್ಬಿಣ ಇನ್ನೊಂದು ಗೋಜು: ಅದೂ ಲೂಯಿಸ್ ತಾಣವೇ, ಪಟ್ಟಿ 1450ರ ಆಸುಪಾಸಿನಲ್ಲೇ ಬರುತ್ತದೆ, ಅಲ್ಯುಮಿನಿಯಂನದರಿಂದ ಬಿಡಿಸುವುದು ಸುಲಭವಲ್ಲ. ಜಿಯೋಲೈಟ್ ಕಟ್ಟುವ ಮುಂಚೆಯೇ ಹಾರುಬೂದಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಕಬ್ಬಿಣ, ಕ್ಯಾಲ್ಸಿಯಂ ಇಳಿಸಿಕೊಳ್ಳುವುದೇ ಇದಕ್ಕೆ ಮದ್ದು.

ಇನ್ನೊಂದು ಉಲ್ಟಾ ತಪ್ಪೂ ಇದೆ. ಎ ಜಿಯೋಲೈಟ್‌ನ ಬಾಗಿಲು ಸುಮಾರು 0.4 ನ್ಯಾನೊಮೀಟರ್. ಪಿ ಜಿಯೋಲೈಟ್‌ನದೂ ಚಿಕ್ಕದೇ. ಪಿರಿಡಿನ್ ಒಳಗೆ ಹೋಗುವುದೇ ಇಲ್ಲ. ಅಂಥ ಮಾದರಿಯಲ್ಲಿ ಪಿರಿಡಿನ್ ಪಟ್ಟಿ ಸಣ್ಣದಾಗಿ ಬಂದರೆ ಅದು ಹೊರಮೈಯ ಸುದ್ದಿ ಮಾತ್ರ, ಒಳಗಿನದು ಗೊತ್ತಾಗಿಲ್ಲ. ಅಮೋನಿಯಾ ಬಿಟ್ಟು ನೋಡಿದರೆ ಒಳಗೆ ಹೋಗುತ್ತದೆ: ಬ್ರಾನ್‌ಸ್ಟೆಡ್ ತಾಣದಲ್ಲಿ ಅಮೋನಿಯಂ 1450ರಲ್ಲಿ, ಲೂಯಿಸ್ ತಾಣದಲ್ಲಿ 1620ರಲ್ಲಿ. ಇಲ್ಲಿ 1450 ಎಂದರೆ ಬ್ರಾನ್‌ಸ್ಟೆಡ್ ಎಂಬುದನ್ನು ಮರೆತು ಪಿರಿಡಿನ್ ಕೋಷ್ಟಕವನ್ನೇ ಅಮೋನಿಯಾಕ್ಕೂ ಹಚ್ಚಿದರೆ ಫಲಿತಾಂಶ ತಲೆಕೆಳಗಾಗುತ್ತದೆ.

ಎಷ್ಟು ತಾಣ? ಒಂದು ಬಿಲ್ಲೆಯ ಲೆಕ್ಕ

ಪಟ್ಟಿಯ ವಿಸ್ತೀರ್ಣವನ್ನು ತಾಣಗಳ ಲೆಕ್ಕಕ್ಕೆ ತಿರುಗಿಸಲು ಎಮೈಸ್ 1993ರಲ್ಲಿ ಕೊಟ್ಟ ಗುಣಾಂಕಗಳನ್ನೇ ಹೆಚ್ಚಿನವರು ಬಳಸುತ್ತಾರೆ: 1545ರ ಪಟ್ಟಿಗೆ ಮೈಕ್ರೊಮೋಲಿಗೆ 1.67 ಸೆಂಟಿಮೀಟರ್, 1455ಕ್ಕೆ 2.22. ಇದರಿಂದ ಬರುವ ಸೂತ್ರ ಸರಳ. ಪಟ್ಟಿಯ ವಿಸ್ತೀರ್ಣವನ್ನು ಬಿಲ್ಲೆಯ ತ್ರಿಜ್ಯದ (ಸೆಂಟಿಮೀಟರ್) ವರ್ಗದಿಂದ ಗುಣಿಸಿ, ಒಣ ತೂಕದಿಂದ (ಮಿಲಿಗ್ರಾಂ) ಭಾಗಿಸಿ. ಬ್ರಾನ್‌ಸ್ಟೆಡ್‌ಗೆ ಅದನ್ನು 1.88ರಿಂದ, ಲೂಯಿಸ್‌ಗೆ 1.42ರಿಂದ ಗುಣಿಸಿ. ಉತ್ತರ ಗ್ರಾಂಗೆ ಇಷ್ಟು ಮಿಲಿಮೋಲ್.

13 ಮಿಲಿಮೀಟರ್ ಬಿಲ್ಲೆ, ತ್ರಿಜ್ಯ 0.65, ಒಣ ತೂಕ 14 ಮಿಲಿಗ್ರಾಂ ಎಂದುಕೊಳ್ಳಿ. 1545ರ ವಿಸ್ತೀರ್ಣ 7.0, 1455ರದು 1.2. ಬ್ರಾನ್‌ಸ್ಟೆಡ್ ಗ್ರಾಂಗೆ 0.40 ಮಿಲಿಮೋಲ್, ಲೂಯಿಸ್ 0.05. ಈಗ ಈ ಉತ್ತರವನ್ನು ಅಲ್ಯುಮಿನಿಯಂ ಜತೆ ತಾಳೆ ನೋಡಬೇಕು. ಸಿಲಿಕಾನ್-ಅಲ್ಯುಮಿನಿಯಂ ಅನುಪಾತ 25 ಇರುವ ಮಾದರಿಯಲ್ಲಿ ಪ್ರತಿ ಅಲ್ಯುಮಿನಿಯಂಗೆ ಒಂದು ಪ್ರೋಟಾನ್ ಎಂದರೆ ಗ್ರಾಂಗೆ 0.64 ಮಿಲಿಮೋಲ್ ಇರಬೇಕಿತ್ತು. ಎರಡೂ ಸೇರಿ 0.45 ಸಿಕ್ಕಿತು. ಉಳಿದ 0.19 ಎಲ್ಲಿ ಹೋಯಿತು? ಸೋಡಿಯಂ ಕೂತಿದ್ದರೆ ತೂಕದಲ್ಲಿ ಶೇ. 0.44 ಉಳಿದರೂ ಅಷ್ಟು ತಾಣ ಹೋಗುತ್ತದೆ. ಪೊಟ್ಯಾಸಿಯಂ ಆದರೆ ಶೇ. 0.74. ಅಲ್ಲವಾದರೆ ಅಲ್ಯುಮಿನಿಯಂ ಚೌಕಟ್ಟಿನ ಹೊರಗೆ ಗುಂಪುಗಟ್ಟಿ ಕೂತಿದೆ, ಅಥವಾ ಕರಗದ ಮುಲೈಟ್‌ನಲ್ಲೇ ಉಳಿದಿದೆ. ಹಾರುಬೂದಿಯ ಮಾದರಿಗಳಲ್ಲಿ ಮುಲೈಟ್‌ನ ಅಲ್ಯುಮಿನಿಯಂ ಒಟ್ಟು ವಿಶ್ಲೇಷಣೆಯಲ್ಲಿ ಎಣಿಕೆಗೆ ಬಂದು ಅನುಪಾತವನ್ನೇ ಕೆಡಿಸುತ್ತದೆ. ಈ ತಾಳೆ ಇಲ್ಲದ ಆಮ್ಲೀಯತೆಯ ಅಂಕಿಯನ್ನು ನಂಬಬಾರದು. ಅಲ್ಯುಮಿನಿಯಂಗಿಂತ ಹೆಚ್ಚು ಆಮ್ಲ ತಾಣ ಬಂದಿದೆ ಎಂದರೆ ತೂಕ ತಪ್ಪಿದೆ, ಇಲ್ಲವೇ ತಳರೇಖೆ ತಪ್ಪಾಗಿ ಎಳೆಯಲಾಗಿದೆ.

ತೂಕ ತಪ್ಪುವುದು ಹೀಗೆ: ಗಾಳಿಯಲ್ಲಿ ತೂಗಿದ ಝಡ್‌ಎಸ್‌ಎಂ-5ರಲ್ಲಿ ಶೇ. 5ರಿಂದ 10 ನೀರೇ ಇರುತ್ತದೆ, ವೈ ಆದರೆ ಶೇ. 25ರವರೆಗೂ. ಕಾಲುವೆಗೆ ನೀರು ಬಿಟ್ಟ ಮಳೆಗಾಲದ ಸಿಂಧನೂರಿನಲ್ಲಿ ತೂಗಿದ ಬಿಲ್ಲೆಗೂ ಏಪ್ರಿಲ್‌ನ ಒಣ ಬಳ್ಳಾರಿಯಲ್ಲಿ ತೂಗಿದ ಬಿಲ್ಲೆಗೂ ಇದರಿಂದಲೇ ವ್ಯತ್ಯಾಸ ಬರಬಹುದು. ಅದೇ ಪುಡಿಯ ತೂಕ ನಷ್ಟವನ್ನು ಬೇರೆಯಾಗಿ ಅಳೆದು ಒಣ ತೂಕ ಕಟ್ಟಬೇಕು. ಗುಣಾಂಕಗಳ ವಿಷಯದಲ್ಲೂ ಎಚ್ಚರ ಬೇಕು. ಬೇರೆ ಬೇರೆಯವರು ಅಳೆದ ಮೌಲ್ಯಗಳ ನಡುವೆ ಎರಡರಷ್ಟಕ್ಕೂ ಮಿಕ್ಕಿದ ಅಂತರವಿದೆ. ಯಾರ ಗುಣಾಂಕ ಬಳಸಿದೆವು ಎಂದು ಹೇಳದೆ 0.40 ಎಂದಷ್ಟೇ ಬರೆದರೆ ಬೇರೆಯವರ 0.40ಕ್ಕೆ ಹೋಲಿಸುವಂತಿಲ್ಲ. ಒಂದೇ ಲ್ಯಾಬ್‌ನಲ್ಲಿ, ಒಂದೇ ದಿನ, ಮಾರುಕಟ್ಟೆಯಲ್ಲಿ ಸಿಗುವ ಝಡ್‌ಎಸ್‌ಎಂ-5ರ ಬಿಲ್ಲೆಯನ್ನೂ ಪಕ್ಕದಲ್ಲಿ ಅಳೆಯುವುದು ಇದಕ್ಕೆ ಪ್ರಾಮಾಣಿಕ ಪರಿಹಾರ.

ತಾಣ ಎಷ್ಟು ಪ್ರಬಲ ಎಂದು ತಿಳಿಯಲು ಪಿರಿಡಿನ್ ಅಷ್ಟು ಒಳ್ಳೆಯ ಸಾಧನವಲ್ಲ, ಕಾರ್ಬನ್ ಮೊನಾಕ್ಸೈಡ್‌ಗೆ ಹೋಲಿಸಿದರೆ ಅದು ಪ್ರಬಲ ಕ್ಷಾರ, ದುರ್ಬಲ ತಾಣದಿಂದಲೂ ಪ್ರೋಟಾನ್ ಕಸಿಯುತ್ತದೆ. ದ್ರವ ಸಾರಜನಕದ ತಣ್ಪಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಬಿಟ್ಟರೆ 3610ರ ಪಟ್ಟಿ ಸುಮಾರು 310 ಅಂಕಿ ಕೆಳಗೆ, 3300ರ ಕಡೆಗೆ ಸರಿಯುತ್ತದೆ; ಸಿಲನಾಲ್ ಸರಿಯುವುದು 90ರಷ್ಟೇ. ಸರಿದಷ್ಟೂ ಆಮ್ಲ ಪ್ರಬಲ. ದ್ರವ ಸಾರಜನಕ ಈ ಸೀಮೆಗೆ ಹೊಸದೇನಲ್ಲ: ಪಶು ಆಸ್ಪತ್ರೆಗಳಲ್ಲಿ ಹೋರಿಯ ವೀರ್ಯ ಕಾಪಿಡುವುದು ಅದರಲ್ಲೇ. ಕಷ್ಟವಿರುವುದು ಆ ತಣ್ಪಿಗೆ ಹೊಂದುವ ಕೋಶದಲ್ಲಿ, ವಿಷಾನಿಲದ ಸುರಕ್ಷತೆಯಲ್ಲಿ.

ಇಂಥ ಕೋಶ, ನಿರ್ವಾತದ ಸಾಲು ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಮಾದರಿಯನ್ನು ದೂರದ ಸಂಸ್ಥೆಗೆ ಕಳಿಸಬೇಕಾಗುತ್ತದೆ. ಕಳಿಸುವ ಮುಂಚೆ ಇಲ್ಲೇ ಮಾಡಬಹುದಾದ ಕೆಲಸಗಳಿವೆ. ಒಂದು ಮೋಲಾರ್ ಅಮೋನಿಯಂ ನೈಟ್ರೇಟ್‌ನಲ್ಲಿ, ಗ್ರಾಂಗೆ 10 ಮಿಲಿಲೀಟರಿನಂತೆ, 80 ಡಿಗ್ರಿಯಲ್ಲಿ ಮೂರು ಸಲ ವಿನಿಮಯ ಮಾಡಿ, ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, 110ರಲ್ಲಿ ಒಣಗಿಸಿ. ಟೆಂಪ್ಲೇಟ್ (ಹರಳು ಕಟ್ಟುವಾಗ ರಂಧ್ರಗಳಿಗೆ ಅಚ್ಚಾಗುವ ಸಾವಯವ ಅಣು) ಬಳಸಿದ್ದರೆ ಅದನ್ನು ವಿನಿಮಯಕ್ಕೂ ಮುಂಚೆ 550ರಲ್ಲಿ ಸುಟ್ಟಿರಬೇಕು. ಆಮೇಲೆ ಸ್ವಲ್ಪ ಪುಡಿಯನ್ನು ಲಿಥಿಯಂ ಬೋರೇಟ್‌ನಲ್ಲಿ ಕರಗಿಸಿ, ಪ್ಲಾಸ್ಟಿಕ್ ಪಾತ್ರೆಯಲ್ಲೇ ಇಟ್ಟುಕೊಂಡು (ಗಾಜು ಸೋಡಿಯಂ ಬಿಡುತ್ತದೆ), ಮಣ್ಣು ಪರೀಕ್ಷೆಗೆ ಬಳಸುವ ಫ್ಲೇಮ್ ಫೋಟೊಮೀಟರ್‌ನಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಳೆಯಿರಿ. ಅನುಪಾತ 25ರ ಮಾದರಿಯಲ್ಲಿ ಶೇ. 0.1 ಸೋಡಿಯಂ ಎಂದರೆ ನೂರಕ್ಕೆ ಏಳು ತಾಣ ಹೋದಂತೆ. ಅದಕ್ಕಿಂತ ಹೆಚ್ಚಿದ್ದರೆ ಮಾದರಿಯನ್ನು ಪೋಸ್ಟ್ ಮಾಡಬೇಡಿ, ಇನ್ನೊಂದು ಸಲ ವಿನಿಮಯಕ್ಕೆ ಹಾಕಿ.

ಕಳಿಸುವಾಗ ಅಮೋನಿಯಂ ರೂಪದಲ್ಲೇ ಕಳಿಸಿ, ಪ್ರೋಟಾನ್ ರೂಪಕ್ಕೆ ಸುಟ್ಟು ಕಳಿಸಬೇಡಿ. ದಾರಿಯಲ್ಲಿ ತೇವ ಕುಡಿದು ಮತ್ತೆ ಕಾಯಿಸುವಾಗ ಅಲ್ಯುಮಿನಿಯಂ ಕಿತ್ತುಬರುವ ಅಪಾಯ ಇದರಿಂದ ಕಡಿಮೆ. ಅಮೋನಿಯಾ 450ರಲ್ಲಿ ಅಳತೆಯ ಕೋಶದೊಳಗೇ ಹೊರಡುತ್ತದೆ. ಚೀಟಿಯಲ್ಲಿ ಇಷ್ಟನ್ನು ಬರೆದು ಕೇಳಿ: ಕಾಯಿಸಿದ ವೇಗ ಮತ್ತು ಕೊನೆಯ ಉಷ್ಣತೆ, ಬಿಲ್ಲೆಯ ಒಣ ತೂಕ, ಪಿರಿಡಿನ್‌ಗೆ ಮುಂಚಿನ ಮತ್ತು ನಂತರದ ಹೈಡ್ರಾಕ್ಸಿಲ್ ಭಾಗ, 150 ಮತ್ತು 250 ಡಿಗ್ರಿಯ ಎರಡೂ ರೋಹಿತ, ಪಟ್ಟಿಗಳ ತುದಿಯ ಅಂಕಿ, ಬಳಸಿದ ಗುಣಾಂಕ, ಮತ್ತು ಚಿತ್ರದ ಜತೆಗೆ ಅಂಕಿಗಳ ಮೂಲ ಕಡತ. ಮೂಲ ಕಡತ ಕೈಯಲ್ಲಿದ್ದರೆ 1443ನ್ನೂ 1455ನ್ನೂ ನೀವೇ ಬಿಡಿಸಿ ನೋಡಬಹುದು.